ಎಂಟು ಮೂಲೆಯ ಕಣ್ಣು

ವಸಂತನರಸಾಪುರದಲ್ಲಿ ಹೊಸ ಆಫೀಸಂತೆ.
ಒಳಗೋಡೆ ಇಲ್ಲವಂತೆ, ಬಾಗಿಲಿಲ್ಲವಂತೆ,
ಸಾಹೇಬರೂ ಗುಮಾಸ್ತರೂ ಒಂದೇ ಮೇಜಿಗೆ ಮೊಣಕೈ ಊರುತ್ತಾರಂತೆ.
ಮೇಜು ಹಳೇ ಹುಣಸೆ ಹಲಗೆಯದು, ಅಂಟಿನಲ್ಲಿ ವಿಷವಿಲ್ಲ,
ಕುರ್ಚಿಗೆ ಬೆತ್ತ, ಭೂಮಿಗೆ ಭಾರವಾಗದ ಬೆತ್ತ
ಎಂದು ಓದಿದಳು ತಸ್ಲೀಮಾ
ಮಂಡಿಪೇಟೆಯ ನನ್ನ ಜಗಲಿಯ ಮೇಲೆ ಕೂತು.

ಅರವತ್ತು ಕುರ್ಚಿ, ಗಂಗಹನುಮಯ್ಯನೋರೆ. ಆಗುತ್ತಾ?

ನಾನು ಪಕ್ಕದ ಬಕೆಟ್ಟಿಗೆ ಕೈ ಬಿಟ್ಟೆ.
ಹನ್ನೊಂದು ವರ್ಷದಿಂದ ಅದರಲ್ಲಿ ಬೆತ್ತ ನೆನೆದಿಲ್ಲ.
ಸೊಸೆ ಬಟ್ಟೆ ನೆನೆಹಾಕುತ್ತಾಳೆ.


ಕಚೇರಿಯಲ್ಲಿ ನನ್ನ ಹುದ್ದೆ, ಬೆತ್ತ ಹೆಣೆಯುವವನು.
ಕಣ್ಣಿಲ್ಲದವರಿಗೆಂದೇ ಇಟ್ಟಿದ್ದ ಕೆಲಸ.
ನಿಂತದ್ದು ಎರಡು, ಅಡ್ಡ ಎರಡು, ಓರೆ ಎರಡು,
ಆರು ಎಳೆ ಸೇರಿದರೆ ನಡುವೆ ಒಂದು ತೂತು,
ಎಂಟು ಮೂಲೆಯದು. ನಮ್ಮ ಕಸುಬಿನಲ್ಲಿ ಅದಕ್ಕೆ ಕಣ್ಣು ಅಂತಲೇ ಹೆಸರು.
ದಿನಕ್ಕೆ ನಾನ್ನೂರು ಕಣ್ಣು ಮಾಡುತ್ತಿದ್ದೆ ನಾನು.
ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಕುಳಿ ಮುಟ್ಟಿದರೆ ಆಸಾಮಿ ಸಿಗುತ್ತಿದ್ದ.
ಶಿರಸ್ತೇದಾರರದು ಎಡಕ್ಕೆ ವಾಲಿದ ಕುಳಿ,
ಬಲಗಡೆಯ ಹಿಂಜೇಬು ತಿಂಗಳ ಕೊನೆಯಲ್ಲೂ ದಪ್ಪ.
ಟೈಪಿಸ್ಟ್ ವಿಮಲಾಕ್ಷಮ್ಮನದು ಮುಂದಿನ ಎರಡು ಸಾಲು ಮಾತ್ರ ಸವೆದು
ಹಿಂದೆಲ್ಲ ಹೊಸದು ಹೊಸದಾಗೇ ಇತ್ತು,
ಯಾರೋ ಈಗ ಕೂಗುತ್ತಾರೆ ಎಂಬಂತೆ
ಇಪ್ಪತ್ತೆರಡು ವರ್ಷ ಅಂಚಿನಲ್ಲೇ ಕೂತಿದ್ದರು.
ಒಬ್ಬ ತಹಶೀಲ್ದಾರರು ಬಂದರು, ಮೂರು ವರ್ಷ ಇದ್ದರು, ಹೋದರು.
ಬೆತ್ತದ ಮೇಲೆ ಒಂದು ಗೆರೆಯೂ ಇಲ್ಲ.
ಊರಿಗೆಲ್ಲ ಅವರು ಬಲು ದುಡಿಯುವ ಮನುಷ್ಯ.

ಆಮೇಲೆ ಲಾರಿಯಲ್ಲಿ ತಿರುಗುವ ಕುರ್ಚಿ ಬಂದವು,
ಕೆಳಗೆ ಚಕ್ರ, ಬೆನ್ನಿಗೆ ಬಲೆ, ಎತ್ತರಿಸಲು ಒಂದು ಹಿಡಿ.
ಬಲೆಯನ್ನು ಮುಟ್ಟಿದೆ. ಯಾರು ಕೂತೆದ್ದರೂ
ಮತ್ತೆ ಸಪಾಟು, ಯಾರೂ ಬಂದೇ ಇಲ್ಲ ಎನ್ನುವ ಹಾಗೆ.
ಎರಡೇ ವರ್ಷಕ್ಕೆ ಗ್ಯಾಸು ಸೋರಿ
ಕೂತವರ ಗದ್ದ ಮೇಜಿನ ಮಟ್ಟಕ್ಕೆ ಇಳಿಯಿತು.
ಕಾಲು ಮುರಿದವನ್ನು ಒಟ್ಟಲು ಜಾಗ ಸಾಲದೆ
ನನ್ನ ಕೋಣೆ ಕೇಳಿದರು. ಕೊಟ್ಟೆ.
ನಿವೃತ್ತಿಯವರೆಗೆ ಟಪಾಲಿನಲ್ಲಿ ಲಕೋಟೆ ಅಂಟಿಸಿದೆ.


ಅಲ್ಲಮ್ಮ, ಆ ಹಾಳೆಯಲ್ಲಿ
ಮರ ಎಲ್ಲಿಂದ ಬಂತು ಅಂತ ಇದೆ,
ಎಷ್ಟು ಹೊಗೆ ಉಳೀತು ಅಂತ ಲೆಕ್ಕ ಇದೆ.
ಹರಿದಾಗ ಯಾರು ಬರ್ತಾರೆ ಅಂತ ಇದೆಯಾ?

ಹಾಳೆ ತಿರುವಿದ ಸದ್ದು.
ಮತ್ತೆ ತಿರುವಿದ ಸದ್ದು.
ಇಲ್ಲ, ಅಂದಳು. ಐದು ವರ್ಷದ ಗ್ಯಾರಂಟಿ ಇದೆ.

ಬೆತ್ತ ಏಳು ವರ್ಷಕ್ಕೆ ಹರಿಯುತ್ತೆ, ಕೂರೋರು ಕೂತರೆ.
ನನಗೆ ಎಪ್ಪತ್ತೊಂದು. ಕೂಡಿ ನೋಡು.

ಸುಮ್ಮನಿದ್ದಳು. ಬಸ್ಸೊಂದು ಹಾರನ್ ಹೊಡೆದು ಹೋಯಿತು.
ಕೈ ಕೊಡು, ಅಂದೆ. ಆಮೇಲೆ ನೆನಪಾಗಿ,
ಕಂಪನಿಯವರು ಕೊಡೋ ಹಾಗಲ್ಲ, ನಿಜವಾಗಿ ಕೊಡು.

ಅವಳು ತಂದಿದ್ದ ಕಟ್ಟು ಬಿಚ್ಚಿ ಮೂಸಿದೆ.
ಒಣಗಿದ್ದರೂ ಜೀವವಿತ್ತು. ಬಕೆಟ್ಟಿಗೆ ಹಾಕಿದೆ.
ಅರ್ಧ ಗಂಟೆ ಅದೂ ಇದೂ ಮಾತಾಡಿದೆವು.
ಮಾದರಿಗೆ ತಂದಿದ್ದ ಚೌಕಟ್ಟನ್ನು ಅವಳ ಮಡಿಲಿಗಿಟ್ಟು
ನೋಡಬೇಡ, ಅಂದೆ, ನೋಡಿದರೆ ತಪ್ಪುತ್ತೆ, ಕಣ್ಣು ಮುಚ್ಚು.
ಮುಚ್ಚಿದಳೋ ಇಲ್ಲವೋ, ನನಗೆ ಹೇಗೆ ಗೊತ್ತಾಗಬೇಕು.

ನಿಂತದ್ದು ಬಂತು. ಅಡ್ಡ ಬಂತು, ಸ್ವಲ್ಪ ಸಡಿಲ.
ಓರೆ ಎಳೆ ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋಗಿತ್ತು.
ಬಿಚ್ಚು, ಅಂದೆ.
ಎಷ್ಟು?
ಪೂರ್ತಿ.

ಒಳಗಿಂದ ಸೊಸೆ ಬಕೆಟ್ಟು ಎಲ್ಲಿ ಎಂದು ಕೂಗಿದಳು.
ಇನ್ನೊಂದು ತಗೊಳ್ಳಮ್ಮ, ಅಂದೆ.
ಇದರಲ್ಲಿ ಆಫೀಸು ನೆನೀತಾ ಇದೆ.